ಇಳಿಯದ ತಕ್ಕಡಿ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ನಮ್ಮ ಊರಿನ ಹಿರಿಯರು ಗಾಡಿ ಕಟ್ಟಿಕೊಂಡು ಬಂದು ಹೊರಗೆ ಕಾಯುತ್ತಿದ್ದಾರೆ. ಹಳೆಯ ದೊರೆಯ ಕಾಲದಲ್ಲಿ ನಮ್ಮೂರಿನ ಒಂದು ಕೇರಿಯ ಗಂಡಸರನ್ನು ಹಿಡಿದೊಯ್ದರು. ಅವರಲ್ಲಿ ಯಾರೂ ಮರಳಲಿಲ್ಲ. ಆ ದೊರೆ ಈಗ ಇಲ್ಲ. ಆದರೂ ಆ ಮನೆಗಳವರು ಊರವರ ಜೊತೆ ಕೂತು ಉಣ್ಣುವುದಿಲ್ಲ. ನಾನು ಬಂದು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕಂತೆ. ಆದದ್ದು ಆಗಿಹೋಯಿತು, ಹೋದವರಿಗೆ ಸದ್ಗತಿ ಸಿಕ್ಕಿದೆ, ಇನ್ನು ಮರೆತುಬಿಡಿ ಎಂದು ಒಂದು ಮಾತು ಹೇಳಬೇಕಂತೆ. ಕಾವಿ ಉಟ್ಟವನು ಹೇಳಿದರೆ ನಂಬುತ್ತಾರಂತೆ. ಒಂದು ಮಾತಿನಿಂದ ಊರಿಗೆ ಶಾಂತಿ ಬರುವುದಾದರೆ ಹೇಳುವುದರಲ್ಲಿ ತಪ್ಪೇನು?"

ಗುರುಗಳು ಮಠಕ್ಕೆ ಬರುವ ಮೊದಲು ಬಹಳ ಕಾಲ ವ್ಯಾಪಾರ ಮಾಡಿದವರು. ತಪ್ಪು ಎಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಒಂದು ಪೇಟೆಯ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಕಾಳಿನ ಪೇಟೆ ಇತ್ತು. ಅಲ್ಲಿ ಕೊಡುವವನೂ ಕೊಳ್ಳುವವನೂ ಎಷ್ಟೇ ಕೂಗಾಡಲಿ, ತೂಕದ ಹೊತ್ತಿಗೆ ಮೂರನೆಯವನೊಬ್ಬ ಬಂದು ನಿಲ್ಲುತ್ತಿದ್ದ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತದ್ದನ್ನು ನೋಡಿ "ಕಂಡೆ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಆಮೇಲೆ ಅದರ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಹೊಳೆಯ ಮೇಲಿನ ಊರುಗಳಿಂದಲೂ ಕೆಳಗಿನ ಊರುಗಳಿಂದಲೂ ಗಾಡಿಗಳು ಬರುತ್ತಿದ್ದದ್ದು ಕಾಳು ಚೆನ್ನಾಗಿದೆ ಎಂದಲ್ಲ. ಕಾಳು ಎಲ್ಲ ಕಡೆಯೂ ಸಿಗುತ್ತದೆ. ಅವು ಬರುತ್ತಿದ್ದದ್ದು ಆ ಒಂದು ಮಾತನ್ನು ನಂಬಿ.

ಅದೇ ಮಾತು ಸಾವಿಗೂ ಬೇಕಾಗಿತ್ತು. ವ್ಯಾಪಾರಿಯೊಬ್ಬ ಪರಸ್ಥಳಕ್ಕೆ ಹೋದರೆ ಅವನ ತಕ್ಕಡಿ ಅಂಗಡಿಯ ತೊಲೆಗೆ ನೇತಾಡುತ್ತಲೇ ಇರುತ್ತಿತ್ತು. ತಕ್ಕಡಿ ಇದೆ ಎಂದರೆ ಅವನು ಬರುತ್ತಾನೆ ಎಂದು ಅರ್ಥ. ಆ ಜಾಗದಲ್ಲಿ ಬೇರೆಯವರು ಕೂರುವಂತಿಲ್ಲ. ಅವನು ಸತ್ತರೆ ಪೇಟೆಯೆಲ್ಲ ಸೇರಿ ನಿಲ್ಲುತ್ತಿತ್ತು. ಪೇಟೆಯ ಯಜಮಾನ "ಕಂಡವರು ಯಾರು?" ಎಂದು ಕೇಳುತ್ತಿದ್ದ. ಕಂಡವನು ಮುಂದೆ ಬಂದು ತಕ್ಕಡಿಯ ತಟ್ಟೆ ಮುಟ್ಟಿ, ಎಲ್ಲಿ ಸತ್ತ, ಹೇಗೆ ಸತ್ತ, ಯಾರ ಕೈಯಿಂದ ಸತ್ತ ಎಂದು ಹೇಳಿ "ಕಂಡೆ" ಎನ್ನಬೇಕು. ಆಗ ಮಾತ್ರ ತಕ್ಕಡಿ ಇಳಿಯುತ್ತಿತ್ತು. ಸುಳ್ಳು ಕಂಡೆ ಹೇಳಿದವನ, ಹೇಳಿಸಿದವನ ತಕ್ಕಡಿಯನ್ನು ಅವನು ಬದುಕಿರುವಾಗಲೇ ಇಳಿಸಿಬಿಡಬೇಕು ಎಂಬ ಕಟ್ಟಳೆಯೂ ಇತ್ತು. ಅದನ್ನು ಬಳಸುವ ಪ್ರಸಂಗ ಯಾವತ್ತೂ ಬಂದಿರಲಿಲ್ಲ.

ಆ ಪೇಟೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿ, ಅವನಿಗೊಬ್ಬ ತಂಗಿ. ತಂದೆತಾಯಿ ಇಲ್ಲ. ತಂಗಿಯನ್ನು ಸಾಕಿದವನು ಅಣ್ಣನೇ.

ದೊರೆ ದಂಡು ಕಟ್ಟಲು ಹೊರಟ. ದಂಡಿಗೆ ಕಾಳು ಬೇಕು. ಅರಮನೆಯಿಂದ ಹೊಸ ತೂಕದ ಕಲ್ಲುಗಳು ಬಂದವು. ಮೇಲೆ ಮುದ್ರೆ ಇತ್ತು, ಒಳಗೆ ಭಾರ ಹೆಚ್ಚಿತ್ತು. ರೈತನ ಕಾಳನ್ನು ಆ ಕಲ್ಲಿನಿಂದಲೇ ತೂಗಬೇಕೆಂದು ಆಜ್ಞೆಯಾಯಿತು. ಪೇಟೆಯವರಿಗೆ ಭಾರ ಗೊತ್ತಾಗಲು ಕೈಯಲ್ಲಿ ಹಿಡಿದರೆ ಸಾಕಾಗಿತ್ತು. ಹಿಡಿದು ನೋಡಿ ಸುಮ್ಮನಾದರು. ಈ ವ್ಯಾಪಾರಿ ಮಾತ್ರ ಕಲ್ಲನ್ನು ಹೊಸಿಲಾಚೆ ಇಟ್ಟು, "ಇದಕ್ಕೆ ನಾನು ಕಂಡೆ ಅನ್ನಲಾರೆ" ಎಂದ. ಅವನ ಮಾತು ಕೇಳಿ ಇನ್ನೂ ಕೆಲವರು ಕಲ್ಲನ್ನು ಹೊರಗಿಟ್ಟರು.

ಒಂದು ಮಧ್ಯಾಹ್ನ ಸಿಪಾಯಿಗಳು ಬಂದರು. ಪರದೇಶದ ಸಿಪಾಯಿಗಳು, ಪೇಟೆಯಲ್ಲಿ ಯಾರ ಗುರುತೂ ಇಲ್ಲದವರು. ಆದರೂ ನೇರವಾಗಿ ಅವನ ಅಂಗಡಿಗೇ ಬಂದು ಅವನನ್ನು ಎಬ್ಬಿಸಿದರು. ಉಳಿದವರನ್ನೂ ಹಾಗೆಯೇ ಒಬ್ಬೊಬ್ಬರಾಗಿ ಎಬ್ಬಿಸಿ ಕೋಟೆಗೆ ಒಯ್ದರು. ಆಮೇಲೆ ಅರಮನೆಯಿಂದ ಡಂಗುರ ಬಂತು: ಈ ವ್ಯಾಪಾರಿಗಳು ದೂರದೇಶಕ್ಕೆ ವ್ಯಾಪಾರಕ್ಕೆ ಹೋಗಿದ್ದಾರೆ. ಪೇಟೆ ಅದನ್ನು ಕೇಳಿ ತಲೆಯಾಡಿಸಿತು.

ತಕ್ಕಡಿಗಳು ತೊಲೆಗಳಲ್ಲಿ ನೇತಾಡುತ್ತ ಉಳಿದವು.

ತಂಗಿ ಪ್ರತಿದಿನ ಅಂಗಡಿ ಗುಡಿಸುತ್ತಿದ್ದಳು, ತಕ್ಕಡಿಯ ಧೂಳು ಒರೆಸುತ್ತಿದ್ದಳು. ಮನೆಯಲ್ಲಿ ಎರಡು ಎಲೆ ಹಾಕುತ್ತಿದ್ದಳು. ತನ್ನ ಎಲೆಯದನ್ನು ಉಂಡು, ಅಣ್ಣನ ಎಲೆಯ ಅನ್ನ ಆರಿದ ಮೇಲೆ ಅದನ್ನೂ ತಾನೇ ಉಣ್ಣುತ್ತಿದ್ದಳು. ಅವಳನ್ನು ಕೇಳಿಕೊಂಡು ಬಂದ ಗಂಡುಗಳಿದ್ದರು. ಧಾರೆ ಎರೆಯಬೇಕಾದ ಅಣ್ಣ ಇದ್ದಾನೆ ಎಂದರೆ ಅವನು ಬರಬೇಕು. ಇಲ್ಲ ಎಂದರೆ ಇಲ್ಲ ಎಂದು ಕಂಡವರು ಹೇಳಬೇಕು. ಎರಡೂ ಆಗಲಿಲ್ಲ. ಗಂಡುಗಳು ಬೇರೆ ಕಡೆ ಮದುವೆಯಾದರು. ಅವಳ ತಲೆಯಲ್ಲಿ ಬಿಳಿಗೂದಲು ಬಂತು. ಪೇಟೆಯವರು ಅವಳನ್ನು ತಕ್ಕಡಿಯಕ್ಕ ಎಂದು ಕರೆಯತೊಡಗಿದರು. ಮೊದಲು ಮರುಕದಿಂದ, ಆಮೇಲೆ ಹಾಸ್ಯಕ್ಕೆ.

ಅಷ್ಟರಲ್ಲಿ ದೊರೆ ಯುದ್ಧದಲ್ಲಿ ಸೋತು ಸತ್ತ. ಹೊಸ ದೊರೆ ಒಳ್ಳೆಯವನು. ಹೊಳೆಯಾಚೆ ಹೆದ್ದಾರಿಯ ಮಗ್ಗುಲಲ್ಲಿ ಪೇಟೆಗೆ ಹೊಸ ಜಾಗ ಕೊಟ್ಟ. ಕಲ್ಲುಹಾಸಿನ ಅಂಗಡಿಗಳು, ಗಾಡಿ ತಿರುಗಲು ಬಯಲು, ಎತ್ತುಗಳಿಗೆ ನೀರಿನ ತೊಟ್ಟಿ. ಯಾರಿಗೆ ಬೇಡ? ಆದರೆ ಒಂದು ತೊಡಕಿತ್ತು. ಹೊರಗೆ ಹೋದವನ ತಕ್ಕಡಿ ನೇತಾಡುತ್ತಿರುವಾಗ ಪೇಟೆಯನ್ನು ಎತ್ತುವಂತಿಲ್ಲ. ಹೋದವನು ಬಂದರೆ ಎಲ್ಲಿಗೆ ಬಂದಾನು ಎಂದು ಹಿಂದಿನವರು ಮಾಡಿದ ಕಟ್ಟಳೆ ಅದು.

ಯಜಮಾನ ಉಪಾಯಗಾರ. ಹೊಸ ಜಾಗದಲ್ಲಿ ಮೂಲೆಯ ದೊಡ್ಡ ಅಂಗಡಿಯ ಮೇಲೆ ಅವನ ಕಣ್ಣಿತ್ತು. ಅವನು ಒಬ್ಬ ಗಾಡಿಯವನನ್ನು ಕರೆಸಿ ಮನೆಯಲ್ಲಿ ಇಟ್ಟುಕೊಂಡು ಚೆನ್ನಾಗಿ ಉಣ್ಣಿಸಿದ. ಆಮೇಲೆ ಪೇಟೆಯನ್ನು ಸೇರಿಸಿ, "ಕಂಡವರು ಯಾರು?" ಎಂದು ಕೇಳಿದ. ಗಾಡಿಯವನು ಮುಂದೆ ಬಂದು ಮೊದಲನೆಯ ತಕ್ಕಡಿ ಮುಟ್ಟಿ, "ದೂರದೇಶದಲ್ಲಿ ಜ್ವರ ಬಂದು ಸತ್ತರು. ಕಂಡೆ" ಎಂದ.

ಆ ಮನೆಯವರು ಅತ್ತರು, ತಕ್ಕಡಿ ಇಳಿಸಿಕೊಂಡರು. ಅವರನ್ನು ಬಯ್ಯಬೇಡ. ಅವರಿಗೂ ಮದುವೆಗೆ ಬಂದ ಮಕ್ಕಳಿದ್ದರು, ಕಾಯ್ದು ಕಾಯ್ದು ಸೋತಿದ್ದರು. ಎರಡನೆಯ ತಕ್ಕಡಿ ಒಬ್ಬ ಮುದುಕಿಯ ಮಗನದು. ಅವಳು ಗಾಡಿಯವನ ಕೈ ಹಿಡಿದುಕೊಂಡು, "ಕೊನೆಗೆ ನನ್ನ ಮಗ ನೀರು ಕೇಳಿದನೇನಪ್ಪ?" ಎಂದಳು. ಆ ಪ್ರಶ್ನೆಗೆ ಉತ್ತರ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಗಳಿಗೆ ಯಜಮಾನನ ಮುಖ ನೋಡಿ, "ಕೇಳಿದರು ಅಜ್ಜಿ, ನಾನೇ ಕುಡಿಸಿದೆ" ಎಂದ. ಮುದುಕಿ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡು, ತಕ್ಕಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು.

ಕೊನೆಯದು ತಕ್ಕಡಿಯಕ್ಕನ ಅಂಗಡಿ. ಗಾಡಿಯವನು ಕೈ ಚಾಚಿದ. ಅವಳು ತಟ್ಟೆಗೆ ಅಡ್ಡ ನಿಂತಳು.

"ಇವನು ಕಂಡಿದ್ದು ನಿಮ್ಮ ಮನೆಯ ಊಟದೆಲೆ, ಯಜಮಾನರೇ" ಎಂದಳು. "ಎಲೆಯಲ್ಲಿ ಏನೇನಿತ್ತು ಅಂತ ಕೇಳಿ, ಸರಿಯಾಗಿ ಹೇಳುತ್ತಾನೆ."

ಹಿಂದಿನಿಂದ ಯಾರೋ ನಕ್ಕರು. ಯಜಮಾನ ನೆಲ ನೋಡಿಕೊಂಡೇ, "ತಂಗೀ, ನಿನ್ನೊಬ್ಬಳ ಹಟಕ್ಕೆ ಇಡೀ ಪೇಟೆ ಕಟ್ಟಿಬಿದ್ದಿರಬೇಕಾ? ಜ್ವರ ಅಂದರೆ ನಿನಗೇನು ನಷ್ಟ? ಹೋದವನು ಹೋದ" ಎಂದ.

"ಹೋದ ಅಂತ ನಿಮಗೆ ಹೇಗೆ ಗೊತ್ತು?"

ಯಜಮಾನ ಗಾಡಿಯವನಿಗೆ ಮುಂದೆ ಹೋಗು ಎಂದು ಸನ್ನೆ ಮಾಡಿದ.

"ಸಿಪಾಯಿಗಳು ಪರದೇಶದವರು" ಎಂದಳು ಅವಳು. "ಇಷ್ಟು ಅಂಗಡಿಗಳಲ್ಲಿ ನೇರವಾಗಿ ಇಲ್ಲಿಗೇ ಬಂದರು. ತೋರಿಸಿದವನು ಒಬ್ಬ ಇದ್ದಾನೆ. ತೋರಿಸಿದವನು ಕಂಡಿರುತ್ತಾನೆ. ಅವನು ಬಂದು ತಟ್ಟೆ ಮುಟ್ಟಲಿ, ನಾನೇ ಕೈಯಾರೆ ಇಳಿಸುತ್ತೇನೆ."

ಪೇಟೆಯವರು ಬುದ್ಧಿ ಹೇಳಿದರು, ಗದರಿಸಿದರು, ಮಾತು ಬಿಟ್ಟರು. ಕೊನೆಗೆ, ಇಷ್ಟು ತಕ್ಕಡಿಗಳು ಇಳಿದ ಮೇಲೆ ಒಂದು ಉಳಿದರೆ ಉಳಿಯಲಿ ಎಂದು ಅವರೇ ತೀರ್ಮಾನ ಮಾಡಿಕೊಂಡು ಹೊಳೆ ದಾಟಿದರು. ತೊಲೆ, ಕಂಬ, ಬಾಗಿಲು ಎಲ್ಲವನ್ನೂ ಬಿಚ್ಚಿ ಒಯ್ದರು. ಹಳೆಯ ಪೇಟೆಯಲ್ಲಿ ಉಳಿದದ್ದು ಎರಡು ಕಂಬ, ಒಂದು ತೊಲೆ, ಒಂದು ತಕ್ಕಡಿ.

ಅವಳು ದಿನವೂ ಬಂದು ಗುಡಿಸಿದಳು. ಗುಡಿಸಿದ್ದು ತನ್ನ ಅಂಗಡಿಯ ಮುಂದಷ್ಟೇ, ಉಳಿದ ಕಡೆ ಹುಲ್ಲು ಬೆಳೆಯಿತು. ಮೊದಮೊದಲು ಆಚೆ ದಡದ ಗದ್ದಲ ಕೇಳಿಸುತ್ತಿತ್ತು. ಮಾತಾಡಲು ಯಾರೂ ಇರಲಿಲ್ಲ. ಕೆಲವೊಮ್ಮೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಎರಡು ಬೆಣಚುಕಲ್ಲು ಇಟ್ಟು, ಮುಳ್ಳು ನೋಡಿ, ತಾನೇ "ಕಂಡೆ" ಎನ್ನುತ್ತಿದ್ದಳು. ದನಿ ಇನ್ನೂ ಇದೆಯೋ ಇಲ್ಲವೋ ನೋಡಿಕೊಳ್ಳಲು. ಅಣ್ಣ ಬರುತ್ತಾನೆ ಎಂದು ಅವಳು ನಂಬಿರಲಿಲ್ಲ. ಅಷ್ಟು ದಡ್ಡಿಯಲ್ಲ. ಆದರೆ ಸತ್ತ ಎಂದು ಅಳಲು ಕೂತರೆ, ಯಾವ ಸಾವಿಗೆ ಅಳಬೇಕು ಎಂದು ತಿಳಿಯುತ್ತಿರಲಿಲ್ಲ. ಜ್ವರಕ್ಕೋ, ನೀರಿಗೋ, ಕತ್ತಿಗೋ?

ಹೊಸ ಪೇಟೆ ಮೊದಲು ಚೆನ್ನಾಗಿ ನಡೆಯಿತು. ಒಂದು ದಿನ ಪರವೂರಿನ ವ್ಯಾಪಾರಿಯೊಬ್ಬ ಕಡಲೆ ಕೊಳ್ಳುತ್ತಿದ್ದ. ತೂಕವಾಯಿತು. ಮೂರನೆಯವನು "ಕಂಡೆ" ಎಂದ. ಪರವೂರಿನವನು ನಕ್ಕು, "ಯಾವ ಕಂಡೆ? ನಿಜದ್ದೋ, ಗಾಡಿಯವನದ್ದೋ?" ಎಂದ. ಸುತ್ತ ಇದ್ದವರೂ ನಕ್ಕರು. ನಗಬಾರದಿತ್ತು. ಆ ಮಾತು ಗಾಡಿಗಳ ಜೊತೆ ಊರೂರಿಗೆ ಹೋಯಿತು. ಒಬ್ಬನ ಕಂಡೆ ಸಾಲದು ಎಂದು ಇಬ್ಬರನ್ನು ನಿಲ್ಲಿಸಿದರು, ಆಮೇಲೆ ಇನ್ನಷ್ಟು ಜನರನ್ನು. ಒಂದು ಗಾಡಿ ಇಳಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹೆದ್ದಾರಿಯ ಗಾಡಿಗಳು ನಿಲ್ಲದೆ ಮುಂದಿನ ಪೇಟೆಗೆ ಹೋಗತೊಡಗಿದವು. ನಂಬಿಕೆ ಇದ್ದಾಗ ಅದು ಕಣ್ಣಿಗೆ ಬೀಳುವುದಿಲ್ಲ. ಖಾಲಿಯಾದಾಗಲೇ ಅಂಗಡಿ ಎಷ್ಟು ದೊಡ್ಡದಿತ್ತು ಎಂದು ಕಾಣುವುದು.

ಆಗ ಯಜಮಾನನ ಮಗ ದೋಣಿಯಲ್ಲಿ ಕಾಳು ತುಂಬಿಕೊಂಡು ಹೊಳೆಯ ಕೆಳಗೆ ಹೋದವನು ಬರಲಿಲ್ಲ. ಅಂಬಿಗನೊಬ್ಬ ಬಂದು, ದೋಣಿ ಸುಳಿಗೆ ಸಿಕ್ಕಿತು, ನಾನು ಕಂಡೆ ಎಂದ. ಅಂಬಿಗ ಒಳ್ಳೆಯ ಮನುಷ್ಯ. ಆದರೆ ಯಜಮಾನನ ಹೆಂಡತಿ ಗಂಡನ ಕಡೆ ತಿರುಗಿ, "ಇವನಿಗೆ ಊಟ ಹಾಕಿಸಿದವರು ಯಾರು?" ಎಂದು ಕೇಳಿದಳು. ಯಜಮಾನನಿಗೂ ಅದೇ ಅನುಮಾನ. ಮಗನ ತಕ್ಕಡಿ ಇಳಿಸಲು ಕೈ ಏಳಲಿಲ್ಲ, ಬಿಡಲೂ ಆಗಲಿಲ್ಲ. ಹೆಂಡತಿ ಮಗನಿಗೂ ಎಲೆ ಹಾಕತೊಡಗಿದಳು. ಆ ಎಲೆಯ ಎದುರಿಗೆ ಕೂತು ಉಣ್ಣುವುದು ಯಜಮಾನನಿಂದಾಗಲಿಲ್ಲ.

ಅವನು ಒಬ್ಬನೇ ಹೊಳೆ ದಾಟಿ ಹಳೆಯ ಪೇಟೆಗೆ ಬಂದ. ತಕ್ಕಡಿಯಕ್ಕ ಗುಡಿಸುತ್ತಿದ್ದಳು. ನಿಲ್ಲಿಸಲಿಲ್ಲ.

"ಮಗನ ಸುದ್ದಿ ಕೇಳಿದೆ. ಪಾಪ" ಎಂದಳು.

"ನಾನು ಕಂಡಿದ್ದೇನೆ" ಎಂದ ಯಜಮಾನ. "ನಿನ್ನ ಅಣ್ಣನದು."

ಪೊರಕೆ ನಿಂತಿತು. ಅಷ್ಟು ವರ್ಷ ಕಾದದ್ದು ಎದುರಿಗೇ ಬಂದು ನಿಂತಿತ್ತು. ಕೇಳಿಬಿಡಬಹುದಿತ್ತು. ಆದರೂ ಕೈ ಅಡ್ಡ ಮಾಡಿದಳು.

"ನನ್ನೊಬ್ಬಳಿಗೆ ಹೇಳಿದರೆ ಅದು ಗುಟ್ಟು. ಅಣ್ಣನನ್ನು ಎಬ್ಬಿಸಿದ್ದು ಪೇಟೆಯ ನಡುವೆ. ಹೇಳುವುದೂ ಅಲ್ಲೇ ಆಗಲಿ."

"ನನ್ನ ಮಾನ?"

"ನಿಮ್ಮ ಮಾನ ಆಚೆ ದಡದಲ್ಲಿ ಎಷ್ಟಕ್ಕೆ ಹೋಗುತ್ತಿದೆ ಅಂತ ನಿಮಗೇ ಗೊತ್ತಲ್ಲ."

ಪೇಟೆಯೆಲ್ಲ ಹೊಳೆ ದಾಟಿ ಬಂದು ಹುಲ್ಲಿನಲ್ಲಿ ನಿಂತಿತು. ಎಲ್ಲರೂ ತಮ್ಮ ತಮ್ಮ ಅಂಗಡಿಯಿದ್ದ ಜಾಗದಲ್ಲೇ ನಿಂತರು. ಯಾರೂ ಹಾಗೆ ಹೇಳಿರಲಿಲ್ಲ, ಕಾಲು ಅಲ್ಲಿಗೇ ಹೋಯಿತು. ಕೇಳಬೇಕಾದ ಯಜಮಾನನೇ ಹೇಳಬೇಕಾದವನು. ಆದ್ದರಿಂದ ತಂಗಿಯೇ ಕೇಳಿದಳು.

"ಕಂಡವರು ಯಾರು?"

ಯಜಮಾನ ತಟ್ಟೆ ಮುಟ್ಟಿದ. ಆ ಪೇಟೆ ಬಹಳ ಕಾಲದಿಂದ ಬಾಯಿಗೆ ತಾರದ ಹೆಸರನ್ನು ಹೇಳಿದ.

"ಕಾಳಿನ ವ್ಯಾಪಾರಿ ಕೊಟ್ರಯ್ಯ. ಸಿಪಾಯಿಗಳು ಪೇಟೆಯೊಳಗೆ ಬರುವ ಮೊದಲು ಹಿಂಬಾಗಿಲಿನಿಂದ ನನ್ನ ಅಂಗಡಿಗೆ ಬಂದರು. ಕಲ್ಲು ಹೊರಗಿಟ್ಟವರು ಯಾರು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಗದ್ದ ಎತ್ತಿ ತೋರಿಸಿದೆ. ಬಾಯಿಬಿಟ್ಟು ಹೇಳಿಲ್ಲವಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಕತ್ತಲಾದ ಮೇಲೆ ಗುರುತಿಗೆಂದು ನನ್ನನ್ನೂ ಕೋಟೆಗೆ ಕರೆದೊಯ್ದರು. ಕೋಟೆಯ ಹಿಂದೆ ಸುಣ್ಣ ಸುಡುವ ಗೂಡಿನ ಪಕ್ಕದಲ್ಲಿ ಕೊಟ್ರಯ್ಯನನ್ನು ಕೂರಿಸಿ ಕತ್ತಿಯಿಂದ ಹೊಡೆದರು. ಅಲ್ಲೇ ಕುಣಿಯಲ್ಲಿ ಮುಚ್ಚಿದರು. ಕಂಡೆ."

ಹೊಡೆದವನು ಹಳೆಯ ದೊರೆಯ ಕೋಟೆಯವನು, ಅವನ ಹೆಸರನ್ನೂ ಹೇಳಿದ. ಆ ಹೆಸರಿನವನು ಆಗ ಹೊಸ ದೊರೆಯ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿ ಕೂತಿದ್ದ. ಎಲ್ಲರೂ ಅವನಿಗೆ ದಿನವೂ ಕೈ ಮುಗಿಯುತ್ತಿದ್ದರು.

ತಂಗಿ ಒಂದೇ ಒಂದು ಮಾತು ಕೇಳಿದಳು. "ಅಣ್ಣ ಏನಾದರೂ ಹೇಳಿದನೇ?"

ಅಲ್ಲಿ ಒಂದು ಒಳ್ಳೆಯ ಸುಳ್ಳು ಹೇಳಲು ಜಾಗವಿತ್ತು. ಯಜಮಾನ ಬಾಯಿ ತೆರೆದ, ಮುಚ್ಚಿದ. "ಇಲ್ಲ" ಎಂದ. "ಬಾಯಿಗೆ ಬಟ್ಟೆ ತುರುಕಿದ್ದರು."

ಅವಳು ತಲೆಯಾಡಿಸಿದಳು. ತೊಲೆಯಿಂದ ತಕ್ಕಡಿಯನ್ನು ಬಿಚ್ಚಿ ಕೆಳಗಿಳಿಸಿದಳು. ಆಗ ಅತ್ತಳು. ಅವಳು ಅತ್ತದ್ದನ್ನು ಪೇಟೆ ಅದುವರೆಗೆ ಕಂಡಿರಲಿಲ್ಲ.

ಹಿಂದಿನಿಂದ ಮುದುಕಿ ಜನರನ್ನು ಸರಿಸಿಕೊಂಡು ಬಂದಳು. "ಏ ಯಜಮಾನಾ, ನನ್ನ ಮಗ? ಅವನು ನೀರು ಕೇಳಿದ್ದನೋ ಇಲ್ಲವೋ?"

"ನಿಮ್ಮ ಮಗನನ್ನೂ ಉಳಿದವರನ್ನೂ ಬೇರೆ ಕಡೆ ಒಯ್ದರು ಅಜ್ಜೀ. ನಾನು ಕಾಣಲಿಲ್ಲ."

ಮುದುಕಿ ಮನೆಗೆ ಹೋದಳು. ಬಂದಾಗ ಸೆರಗಿನಲ್ಲಿ ತಕ್ಕಡಿ ಇತ್ತು. ಒಂದು ತೊಲೆಯಲ್ಲವೇ ಇದ್ದದ್ದು, ತಕ್ಕಡಿಯಕ್ಕ ತನ್ನದನ್ನು ಬಿಚ್ಚಿದ ಕೊಕ್ಕೆಗೇ ಅವಳು ಮಗನ ತಕ್ಕಡಿಯನ್ನು ಮತ್ತೆ ತೂಗುಹಾಕಿದಳು. ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ಮನೆಗೆ ಹೋಗಿ ತಂದರು. ತೊಲೆ ತುಂಬಿತು.

ಅಷ್ಟರಲ್ಲಿ ಪೇಟೆಯವನೊಬ್ಬ, "ಯಜಮಾನರಿಗೆ ವಯಸ್ಸಾಗಿದೆ, ಮಗನೂ ಹೋಗಿದ್ದಾನೆ. ಇನ್ನು ಅವರನ್ನು ಬಿಟ್ಟುಬಿಡಿ" ಎಂದ.

"ಬಿಡುವುದು ಹಿಡಿಯುವುದು ನನ್ನ ಕೈಯಲ್ಲಿಲ್ಲ" ಎಂದಳು ತಕ್ಕಡಿಯಕ್ಕ. "ಸುಳ್ಳು ಕಂಡೆ ಹೇಳಿಸಿದವರಿಗೆ ಕಟ್ಟಳೆ ಇದೆ. ನೀವೇ ನಡೆಸಿ."

ಬದುಕಿರುವಾಗಲೇ ಯಜಮಾನನ ತಕ್ಕಡಿ ಇಳಿಯಿತು. ಮರುದಿನದಿಂದ ಸುಂಕದ ಕಟ್ಟೆಯ ಮುಂದೆ ಗಾಡಿಗಳು ಸಾಲಾಗಿ ನಿಂತವು. ಆ ಅಧಿಕಾರಿಯ ಕೈಗೆ ಸುಂಕ ಕೊಡುವುದಿಲ್ಲ ಎಂದು ವ್ಯಾಪಾರಿಗಳು ಕೂತರು. ಹೊಸ ದೊರೆ ಒಳ್ಳೆಯವನೇ, ಆದರೆ ಸುಂಕ ನಿಂತ ಮೇಲೆ ಅವನ ಕಿವಿ ಇನ್ನಷ್ಟು ಚುರುಕಾಯಿತು. ಕತ್ತಿ ಹಿಡಿದಿದ್ದವನು ನ್ಯಾಯದ ಕಟ್ಟೆಯ ಮುಂದೆ ನಿಂತ. ಸುಣ್ಣದ ಗೂಡಿನ ಪಕ್ಕದಲ್ಲಿ ಅಗೆದಾಗ ಮೂಳೆಗಳು ಸಿಕ್ಕವು. ತಂಗಿ ಅವನ್ನು ತೊಳೆದು ಮಣ್ಣು ಮಾಡಿದಳು.

ಅದಕ್ಕೂ ಮೊದಲು, ಯಜಮಾನ ತಟ್ಟೆ ಮುಟ್ಟಿ ಹೇಳಿದ ದಿನವೇ, ಪೇಟೆ ಚದುರುವ ಮುನ್ನ ಅವಳು ತನ್ನ ಪೊರಕೆಯನ್ನು ಯಜಮಾನನ ಕೈಗೆ ಕೊಟ್ಟಳು.

"ಇಷ್ಟು ತಕ್ಕಡಿಗಳು ಇವೆ. ಇವರನ್ನು ಕಂಡವರು ಎಲ್ಲೋ ಇದ್ದಾರೆ. ಯಾವತ್ತೋ ಬಂದರೆ ಜಾಗ ಗುಡಿಸಿರಬೇಕು" ಎಂದಳು.

ಅವಳು ಮನೆಗೆ ಹೋಗಿ ಅಣ್ಣನ ತಕ್ಕಡಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಅಡುಗೆ ಮಾಡಿ, ಒಂದು ಎಲೆ ಹಾಕಿಕೊಂಡಳು. ಮನೆ ಮೊದಲಿಗಿಂತ ಖಾಲಿಯಾಗಿತ್ತು. ಆದರೆ ಅಂದು ಅವಳು ಬಿಸಿ ಅನ್ನ ಉಂಡು ಏಳುವಾಗ ಆರಿದ ಅನ್ನ ಅವಳಿಗಾಗಿ ಕಾಯುತ್ತಿರಲಿಲ್ಲ.

ಹೊಳೆಯ ಈಚೆ ದಡದಲ್ಲಿ ಯಜಮಾನ ತಕ್ಕಡಿಗಳ ಕೆಳಗೆ ಒಬ್ಬನೇ ಗುಡಿಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಎತ್ತುಗಳು ಕೊರಳು ಅಲ್ಲಾಡಿಸಿದ ಸದ್ದು ಕೇಳಿಸಿತು. ಶಿಷ್ಯ ಅತ್ತ ನೋಡಿ, "ಹಾಗಾದರೆ ನಾನು ಹೋಗಲೋ ಬೇಡವೋ, ಗುರುಗಳೇ? ಅವರು ಬೆಳಗಿನಿಂದ ಕಾಯುತ್ತಿದ್ದಾರೆ. ತಿಂಡಿಯ ಬುತ್ತಿಯನ್ನೂ ನನಗೆಂದೇ ತಂದಿದ್ದಾರೆ" ಎಂದ.

"ಧಾರಾಳವಾಗಿ ಹೋಗು" ಎಂದರು ಗುರುಗಳು, "ಬುತ್ತಿ ಬಿಚ್ಚುವ ಮೊದಲು ನೀನು ಕಂಡದ್ದೇನು ಎಂದು ಮಾತ್ರ ನನಗೆ ಹೇಳಿ ಹೋಗು."